ಮೈಕ್ ಆಫ್ ಮಾಡಿ ಆಡುವ ಹುಡುಗ

(ವಿಡಿಯೋ ಗೇಮ್‌ಗಳು ಮತ್ತು ಎಲ್‌ಜಿಬಿಟಿಕ್ಯೂ ಜನರ ಬಗ್ಗೆ ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಕೆಲವು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಬಿಜಿಎಂಐ, ಅಂದರೆ ಫೋನಿನಲ್ಲಿ ನಾಲ್ಕು ಜನ ಸ್ಕ್ವಾಡ್ ಕಟ್ಟಿಕೊಂಡು ಮಾತಾಡುತ್ತಾ ಆಡುವ ಆ ಗುಂಡಿನ ಆಟ, ಆಡುವವರು ಎಷ್ಟು ಜನ? ಹೆಚ್ಚುಕಮ್ಮಿ ಎಲ್ಲರೂ. ಸರಿ, ಗುರುತಿಲ್ಲದವರ ಜೊತೆ ಆಡುವಾಗ ಮೈಕ್ ಆಫ್ ಇಟ್ಟುಕೊಂಡೇ ಆಡುವವರು? ಹುಡುಗಿಯರು ಬಹುತೇಕ ಎಲ್ಲರೂ ಕೈ ಎತ್ತಿದ್ದೀರಿ. ಹುಡುಗರಲ್ಲೂ ಆರೇಳು ಕೈ ಕಾಣುತ್ತಿವೆ. ಯಾಕೆ ಅಂತ ನಾನು ಕೇಳುವುದಿಲ್ಲ. ಪಕ್ಕದಲ್ಲಿ ಕೂತವರೂ ಆಮೇಲೆ ಕೇಳಬೇಡಿ.

ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ, ಊರು ಮಾತ್ರ ಹೇಳಬೇಡಿ ಅಂದಿದ್ದಾನೆ. ನಮ್ಮ ಜಿಲ್ಲೆಯವನೇ. ಗುರಿ ಅಂದರೆ ಗುರಿ, ದೂರದಲ್ಲಿ ಗುಡ್ಡದ ಮೇಲೆ ಓಡುವವನಿಗೂ ಒಂದೇ ಗುಂಡು. ಮಳೆಗಾಲದಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಾಗಲೂ ಕಿಟಕಿ ಹತ್ತಿರ ಫೋನ್ ಹಿಡಿದು ಆಡುವವನು. ಆದರೆ ಒಂದು ವರ್ಷ ಅವನ ಸ್ಕ್ವಾಡ್‌ನವರು ಅವನ ದನಿಯನ್ನೇ ಕೇಳಿರಲಿಲ್ಲ. ‘ಮುಂದೆ ಶತ್ರು ಇದ್ದಾರೆ’ ಅನ್ನಬೇಕಾದರೂ ಆಟದೊಳಗಿನ ಸಿದ್ಧ ಸಂದೇಶ ಒತ್ತುತ್ತಿದ್ದ. ಮೊದಮೊದಲು ಮೈಕ್ ಆನ್ ಮಾಡಿಯೇ ಆಡುತ್ತಿದ್ದನಂತೆ. ಅವನದು ಮೆತ್ತಗಿನ ದನಿ. ಒಂದು ರಾತ್ರಿ ಮೂರು ಜನ ಸೇರಿ ಇಡೀ ಪಂದ್ಯ ಆ ದನಿಯನ್ನೇ ಅಣಕಿಸಿದರು. ಏನಂತ ಕರೆದರು ಅನ್ನುವುದು ನಿಮಗೆಲ್ಲ ಗೊತ್ತಿರುವ ಪದ, ಇಲ್ಲಿ ಹೇಳುವುದು ಬೇಡ. ಅವತ್ತಿನಿಂದ ಮೈಕ್ ಆಫ್.

ಇವತ್ತಿನ ವಿಷಯ ವಿಡಿಯೋ ಗೇಮ್‌ಗಳಲ್ಲಿ ಎಲ್‌ಜಿಬಿಟಿಕ್ಯೂ ಜನ. ಗಂಡನ್ನು ಪ್ರೀತಿಸುವ ಗಂಡು (ಗೇ), ಹೆಣ್ಣನ್ನು ಪ್ರೀತಿಸುವ ಹೆಣ್ಣು (ಲೆಸ್ಬಿಯನ್), ಹುಟ್ಟಿದಾಗ ಹೇಳಿದ ಲಿಂಗ ತಮ್ಮದಲ್ಲ ಅನ್ನುವವರು (ಟ್ರಾನ್ಸ್), ಈ ಎಲ್ಲರೂ. ಈ ವಿಷಯ ಬಂದಾಗ ಸಾಮಾನ್ಯವಾಗಿ ಯಾವ ಆಟದಲ್ಲಿ ಯಾವ ಪಾತ್ರ ಇದೆ ಅಂತ ಪಟ್ಟಿ ಓದುತ್ತಾರೆ. ಪಾತ್ರಗಳ ಬಗ್ಗೆ ನಾನೂ ಹೇಳುತ್ತೇನೆ, ಅವು ನನ್ನ ಬದುಕಿಗೆ ಬೇಕಾಗಿದ್ದವು. ಆದರೆ ಆ ಹುಡುಗನಿಗೆ ಆಟ ಅಂದರೆ ತೆರೆಯ ಮೇಲಿನ ಬೊಂಬೆಗಿಂತ ಜಾಸ್ತಿ ಕಿವಿಯೊಳಗಿನ ಮೂರು ದನಿಗಳು. ಇವೆರಡನ್ನೂ ಒಟ್ಟಿಗೆ ಇಟ್ಟು ಮಾತಾಡಬೇಕು ಅಂತ ನನಗೆ ಅನ್ನಿಸುತ್ತದೆ.

ನನ್ನ ಕತೆ ಮೊದಲು. ನಾನು ಶಿರಸಿಯವನು. 2003ರ ಹೊತ್ತಿಗೆ ಪಿಯುಸಿಯಲ್ಲಿದ್ದೆ. ಗಂಟೆಗೆ 20 ರೂಪಾಯಿ ಕೊಟ್ಟು ಒಂದು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದೆವು. ಮೇಲ್ ನೋಡುವುದು ಹತ್ತು ನಿಮಿಷ, ಉಳಿದದ್ದೆಲ್ಲ ಆಟ. ಅಲ್ಲಿನ ಒಂದು ಕಂಪ್ಯೂಟರಿನಲ್ಲಿ ಯಾರೋ ‘ದಿ ಸಿಮ್ಸ್’ ಹಾಕಿಟ್ಟಿದ್ದರು. ಮನೆ ಕಟ್ಟುವುದು, ಮನೆಯೊಳಗೆ ಜನರನ್ನು ಇಡುವುದು, ಅವರಿಗೆ ಅಡುಗೆ, ನಿದ್ದೆ, ನೌಕರಿ ನೋಡಿಕೊಳ್ಳುವುದು. ಅದರಲ್ಲಿ ಗೆಲುವು ಸೋಲು ಇಲ್ಲ. ನಾನು ಇಬ್ಬರು ಗಂಡಸರನ್ನು ಒಂದು ಮನೆಯಲ್ಲಿ ಇಟ್ಟಿದ್ದೆ. ಸುಮ್ನೆ, ಗೆಳೆಯರು ಅಂತ. ಮಾತಾಡಿಸಿದೆ, ಜೋಕ್ ಹೇಳಿಸಿದೆ, ಸ್ನೇಹ ಏರುತ್ತಾ ಹೋಯಿತು. ಒಂದು ದಿನ ಒಬ್ಬನ ಮೇಲೆ ಕ್ಲಿಕ್ ಮಾಡಿದಾಗ ಬಂದ ಆಯ್ಕೆಗಳಲ್ಲಿ ಮುತ್ತು ಕೊಡುವುದೂ ಇತ್ತು. ಒತ್ತಿದೆ. ಅವರು ಮುತ್ತು ಕೊಟ್ಟುಕೊಂಡರು.

ನಾನು ಥಟ್ಟನೆ ಮಾನಿಟರ್ ಆಫ್ ಮಾಡಿದೆ. ಕಂಪ್ಯೂಟರ್ ನಡೆಯುತ್ತಲೇ ಇತ್ತು, ಅದರ ಫ್ಯಾನಿನ ಸದ್ದು ಈಗಲೂ ನೆನಪಿದೆ. ಹಿಂದೆ ತಿರುಗಿ ನೋಡಿದೆ, ಯಾರೂ ನೋಡಿರಲಿಲ್ಲ. ಎರಡು ನಿಮಿಷ ಬಿಟ್ಟು ಆನ್ ಮಾಡಿದರೆ ಆ ಇಬ್ಬರೂ ತಮ್ಮ ಪಾಡಿಗೆ ಇದ್ದರು, ಒಬ್ಬ ಪಾತ್ರೆ ತೊಳೆಯುತ್ತಿದ್ದ. ಎಚ್ಚರಿಕೆಯ ಸಂದೇಶ ಬಂದಿರಲಿಲ್ಲ. ಆಟ ನಿಂತಿರಲಿಲ್ಲ. ಪಕ್ಕದ ಮನೆಯವರು ಜಗಳಕ್ಕೆ ಬಂದಿರಲಿಲ್ಲ. 17 ವರ್ಷದ ನನಗೆ, ನನ್ನಂಥವರು ಬೇರೆ ಕಡೆ ಇದ್ದಾರೆ ಅಂತ ಹೇಳಿದ ಮೊದಲ ಜಾಗ ಅದು. ಮನೆಯಲ್ಲಿ ಹೇಳಿರಲಿಲ್ಲ, ಶಾಲೆಯಲ್ಲಿ ಹೇಳಿರಲಿಲ್ಲ. ಹೇಳಿದ್ದು ಒಂದು ಕಳ್ಳ ಸಿಡಿ.

ಆ ಮುತ್ತು ಆಟದೊಳಗೆ ಹೇಗೆ ಬಂತು ಅನ್ನುವುದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಆಟ ಮಾಡುತ್ತಿದ್ದಾಗ ತಂಡದವರು ಗಂಡು–ಗಂಡು, ಹೆಣ್ಣು–ಹೆಣ್ಣು ಪ್ರೀತಿ ಬೇಡ ಅಂತ ತೀರ್ಮಾನ ಮಾಡಿದ್ದರು. ಪ್ಯಾಟ್ರಿಕ್ ಬ್ಯಾರೆಟ್ ಅನ್ನುವ ಪ್ರೋಗ್ರಾಮರ್ ಹೊಸದಾಗಿ ಸೇರಿದ. ಅವನ ಕೈಗೆ ಸಿಕ್ಕಿದ್ದು ಆ ತೀರ್ಮಾನಕ್ಕಿಂತ ಹಿಂದಿನ ಹಳೆಯ ಕಾಗದ. ಅದರಲ್ಲಿ ಇದ್ದ ಹಾಗೆಯೇ ಬರೆದ. 1999ರಲ್ಲಿ ಲಾಸ್ ಏಂಜಲೀಸ್‌ನ ಇ3 ಅನ್ನುವ ವಿಡಿಯೋ ಗೇಮ್ ಮೇಳದಲ್ಲಿ ಆಟ ತೋರಿಸುವಾಗ, ಮದುವೆಯ ದೃಶ್ಯವೊಂದರಲ್ಲಿ ಇಬ್ಬರು ಹೆಂಗಸರು ಯಾರೂ ಹೇಳದೆ ತಾವಾಗಿಯೇ ಮುತ್ತು ಕೊಟ್ಟುಕೊಂಡರು. ಎಲ್ಲರ ಮುಂದೆ. ಜನ ಆ ಆಟದ ಬಗ್ಗೆಯೇ ಮಾತಾಡತೊಡಗಿದರು. 2000ದಲ್ಲಿ ಆಟ ಹೊರಬಂದಾಗ ಆ ಪ್ರೀತಿ ಅದರಲ್ಲಿ ಉಳಿದಿತ್ತು. ಒಬ್ಬನ ಕೈಗೆ ಹಳೆಯ ಕಾಗದ ಬಂದಿದ್ದರಿಂದ ಶಿರಸಿಯ ಒಬ್ಬ ಹುಡುಗನಿಗೆ ಉಸಿರು ಬಂತು. ಇದನ್ನು ನೆನೆದಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಅದೇ ಆಟವನ್ನು ಯಾರ ನೆನಪಿಗೆ ಅರ್ಪಿಸಿದ್ದಾರೆ ಗೊತ್ತಾ? ಡ್ಯಾನಿಯೆಲ್ ಬಂಟನ್ ಬೆರ್ರಿ. 1983ರಲ್ಲಿ ‘ಮ್ಯೂಲ್’ ಅನ್ನುವ ಆಟ ಮಾಡಿದವರು. ಇಂಟರ್ನೆಟ್ ಮನೆಗಳಿಗೆ ಬರುವ ಮೊದಲೇ ನಾಲ್ಕು ಜನ ಒಂದೇ ಕಂಪ್ಯೂಟರಿನ ಮುಂದೆ ಕೂತು ವ್ಯಾಪಾರ ಮಾಡುತ್ತಾ, ಜಗಳ ಆಡುತ್ತಾ ಆಡುವ ಆಟ. ನಾಲ್ಕು ಜನ ಸೇರಿ ಆಡುವ ಖುಷಿ ಇವತ್ತು ನಿಮಗೆಲ್ಲ ಗೊತ್ತು, ಅದನ್ನು ಕಂಪ್ಯೂಟರಿಗೆ ತರಲು ತುಂಬಾ ದುಡಿದವರಲ್ಲಿ ಇವರೊಬ್ಬರು. ಅವರು ಟ್ರಾನ್ಸ್ ಮಹಿಳೆ. 1992ರಲ್ಲಿ ಹೆಣ್ಣಾಗಿ ಬದುಕಲು ಶುರು ಮಾಡಿದರು, 1998ರಲ್ಲಿ ತೀರಿಕೊಂಡರು. ‘ಇವರೆಲ್ಲ ಈಗ ಬಂದವರು’ ಅಂತ ಯಾರಾದರೂ ಹೇಳಿದರೆ ಈ ಹೆಸರು ನೆನಪಿಟ್ಟುಕೊಳ್ಳಿ.

ಹಳೆಯದು ಇನ್ನೊಂದಿದೆ. 1989ರಲ್ಲಿ ಸಿ.ಎಂ. ರಾಲ್ಫ್ ಅನ್ನುವವರು ‘ಕೇಪರ್ ಇನ್ ದಿ ಕ್ಯಾಸ್ಟ್ರೋ’ ಅಂತ ಒಂದು ಪತ್ತೇದಾರಿ ಆಟ ಮಾಡಿದರು. ಪತ್ತೇದಾರಿಣಿ ಲೆಸ್ಬಿಯನ್. ಕಾಣೆಯಾದವರು ಒಬ್ಬ ಡ್ರ್ಯಾಗ್ ಕ್ವೀನ್, ಅಂದರೆ ಹೆಣ್ಣಿನ ವೇಷದಲ್ಲಿ ವೇದಿಕೆಗೆ ಬರುವ ಕಲಾವಿದ. ಆಗ ಏಡ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಗಳಲ್ಲಿ ಸಾಲು ಸಾಲು ಜನರನ್ನು ಕೊಂಡೊಯ್ಯುತ್ತಿತ್ತು. ರಾಲ್ಫ್ ಆಟವನ್ನು ಮಾರಲಿಲ್ಲ. ಟೆಲಿಫೋನ್ ತಂತಿಯಲ್ಲಿ ಕಂಪ್ಯೂಟರಿಂದ ಕಂಪ್ಯೂಟರಿಗೆ ಹಂಚಲು ಬಿಟ್ಟು, ಇಷ್ಟವಾದರೆ ಏಡ್ಸ್ ರೋಗಿಗಳಿಗೆ ನೆರವಾಗುವ ಕಡೆ ಹಣ ಕೊಡಿ ಅಂತ ಕೇಳಿಕೊಂಡರು. ಆಮೇಲೆ ಅದೇ ಆಟದ ಹೆಸರು ಬದಲಿಸಿ, ಪಾತ್ರಗಳನ್ನು ‘ಮಾಮೂಲಿ’ ಜನರನ್ನಾಗಿ ಮಾಡಿ, ‘ಮರ್ಡರ್ ಆನ್ ಮೇನ್ ಸ್ಟ್ರೀಟ್’ ಅಂತ ಅಂಗಡಿಗೆ ಬಿಟ್ಟರು. ಒಗಟು ಅದೇ. ಹೆಸರು ಬದಲಿಸಿದ ಮೇಲೆ ಮಾತ್ರ ಅಂಗಡಿಯೊಳಗೆ ಜಾಗ. ದೀಪಾವಳಿಗೆ ಊರಿಗೆ ಹೊರಡುವ ಮೊದಲು ಫೋನಿನಲ್ಲಿ ಒಬ್ಬರ ಹೆಸರನ್ನು ಬದಲಿಸಿ ಸೇವ್ ಮಾಡಿಕೊಳ್ಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲಿನ ಆಟ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೆ, ಬ್ರೌಸರಿನಲ್ಲೇ ಆಡಬಹುದು.

ಈಗ ನಮ್ಮ ದೇಶಕ್ಕೆ ಬರೋಣ. 2013ರ ಡಿಸೆಂಬರಿನಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿಗೆ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು. ನಾವು ಮತ್ತೆ ಅಪರಾಧಿಗಳಾದೆವು. ಮುಂದಿನ ವರ್ಷ, 2014ರ ನವೆಂಬರಿನಲ್ಲಿ, ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಬಿಡುಗಡೆಯಾಯಿತು. ಇಎ ಕಂಪನಿ ಭಾರತದಲ್ಲಿ ಅದನ್ನು ಮಾರಾಟದಿಂದ ವಾಪಸ್ ತೆಗೆದುಕೊಂಡಿತು. ಇಲ್ಲಿನ ಕಾನೂನು ಮುರಿದ ಹಾಗೆ ಆಗಬಾರದು ಅನ್ನುವುದು ಕೊಟ್ಟ ಕಾರಣ. ಆ ಆಟದಲ್ಲಿ ಡೋರಿಯನ್ ಅಂತ ಒಬ್ಬ ಮಂತ್ರವಾದಿ ಇದ್ದಾನೆ. ದೊಡ್ಡ ಮನೆತನದವನು, ಚುರುಕು ಮಾತಿನವನು, ಗಂಡಸರನ್ನು ಪ್ರೀತಿಸುವವನು. ಮನೆತನದ ಹೆಸರಿಗಾಗಿ ಅವನಪ್ಪ ಮಗನನ್ನು ‘ಸರಿ’ ಮಾಡಲು ರಕ್ತದ ಮಾಟಕ್ಕೆ ಕೈ ಹಾಕಿರುತ್ತಾನೆ. ಆ ಮಾಟವನ್ನು ಜೀವನವಿಡೀ ಅಸಹ್ಯ ಪಟ್ಟುಕೊಂಡವನು ಅದೇ ಅಪ್ಪ. ಮಗ ಮನೆ ಬಿಡುತ್ತಾನೆ. ಒಂದು ಹೆಂಡದಂಗಡಿಯಲ್ಲಿ ಅಪ್ಪ ಮಗ ಎದುರಾಗುತ್ತಾರೆ. ಆಡುವ ನಾವು ಪಕ್ಕದಲ್ಲಿ ನಿಂತಿರುತ್ತೇವೆ. ಹೊರಟು ಹೋಗೋಣ ಅನ್ನಬೇಕೋ, ಅಪ್ಪನ ಮಾತು ಕೇಳು ಅನ್ನಬೇಕೋ, ಅದು ನಮಗೆ ಬಿಟ್ಟದ್ದು.

ಇದನ್ನು ಸ್ವಲ್ಪ ನಿಂತು ಯೋಚಿಸಿ. ನಮ್ಮಲ್ಲಿ ರಕ್ತದ ಮಾಟ ಇಲ್ಲ. ಹರಕೆ ಇದೆ. ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸುವುದು ಇದೆ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸುವುದು ಇದೆ. ಒಂದು ಮದುವೆ ಮಾಡಿದರೆ ಎಲ್ಲ ಸರಿಯಾಗುತ್ತದೆ ಅನ್ನುವ ನೆಂಟರು ಪ್ರತಿ ಮನೆಯಲ್ಲೂ ಇದ್ದಾರೆ. ಈ ದೃಶ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ, ಅಂಥ ಅಪ್ಪ ಮಕ್ಕಳು ಇರುವ ದೇಶದ ಅಂಗಡಿಗೆ ಆ ಆಟ ಬರಲಿಲ್ಲ. ಪೋಷಕರು ಇಲ್ಲಿ ಇರುವುದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಹೀಗೆ ‘ಸರಿ ಮಾಡುವ’ ಚಿಕಿತ್ಸೆ ಕೊಡುವುದು ವೈದ್ಯರಿಗೆ ತಕ್ಕ ನಡತೆ ಅಲ್ಲ, ಅದು ವೃತ್ತಿಯ ತಪ್ಪು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಯಾರಾದರೂ ಡಾಕ್ಟರು ವಾಸಿ ಮಾಡುತ್ತೇನೆ ಅಂದರೆ ಮಗುವಿನ ಕೈ ಹಿಡಿದು ಎದ್ದು ಬನ್ನಿ.

377 ಮತ್ತೆ ಬಿದ್ದದ್ದು 2018ರ ಸೆಪ್ಟೆಂಬರ್ 6ಕ್ಕೆ. ಆ ದಿನ ಏನೇನಾಯಿತು ಅಂತ ಹೇಳಲು ಹೊರಟರೆ ಇನ್ನೊಂದು ಗಂಟೆ ಬೇಕು.

ಈಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು, ಆಟ ಆಟವಾಗಿ ಇರಲಿ, ಪ್ರೀತಿ ಗೀತಿ ಎಲ್ಲ ಅದರೊಳಗೆ ಯಾಕೆ ತರಬೇಕು ಅಂತ. ಪ್ರಾಮಾಣಿಕವಾದ ಪ್ರಶ್ನೆ ಸರ್. ಆದರೆ 1985ರ ‘ಸೂಪರ್ ಮಾರಿಯೋ’ದಲ್ಲಿ ಮಾರಿಯೋ ಓಡುವುದು ಯಾರಿಗಾಗಿ? ರಾಜಕುಮಾರಿಗಾಗಿ. ಪ್ರೀತಿ ಆಟದೊಳಗೆ ಮೊದಲಿಂದಲೂ ಇತ್ತು. ಅದು ನಿಮ್ಮ ಪ್ರೀತಿಯ ಹಾಗೇ ಇದ್ದದ್ದರಿಂದ ಬೇರೆಯಾಗಿ ಕಾಣಲಿಲ್ಲ, ಅಷ್ಟೇ. ನಮ್ಮಂಥವರೂ ಇದ್ದೆವು, ಹೇಗೆ ಅಂತ ಕೇಳಿ. 1988ರ ‘ಸೂಪರ್ ಮಾರಿಯೋ ಬ್ರದರ್ಸ್ 2’ರ ಕೈಪಿಡಿಯಲ್ಲಿ ಬರ್ಡೋ ಅನ್ನುವ ಪ್ರಾಣಿಯ ಬಗ್ಗೆ, ಇವನು ತನ್ನನ್ನು ಹುಡುಗಿ ಅಂದುಕೊಂಡಿದ್ದಾನೆ ಅಂತ ಬರೆದಿದ್ದರು. ನಗಿಸಲು.

ಒಳ್ಳೆಯ ಉದಾಹರಣೆಗೆ ‘ಸ್ಟಾರ್‌ಡ್ಯೂ ವ್ಯಾಲಿ’ ನೋಡಿ, 2016ರದ್ದು. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ ಆಟ. ಪಟ್ಟಣದ ನೌಕರಿ ಬಿಟ್ಟು ಅಜ್ಜ ಬಿಟ್ಟುಹೋದ ಜಮೀನಿಗೆ ವಾಪಸ್ ಬರುವ ಕತೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಈ ಮಾತು ನಡೆಯುತ್ತಿದೆ, ಅಲ್ವಾ? ಹೊಲ ಹಸನು ಮಾಡಬೇಕು, ಗಿಡಕ್ಕೆ ನೀರು ಹಾಕಬೇಕು, ಊರಿನವರ ಜೊತೆ ಬೆರೆಯಬೇಕು. ಮದುವೆ ಆಗಬಹುದಾದವರು ಯಾರಿದ್ದಾರೋ ಅವರಲ್ಲಿ ಯಾರನ್ನು ಬೇಕಾದರೂ ಆಗಬಹುದು, ನೀವು ಗಂಡಾಗಿರಲಿ ಹೆಣ್ಣಾಗಿರಲಿ. ಊರ ನಡುವೆ ಮದುವೆ. ಊರವರೆಲ್ಲ ಬರುತ್ತಾರೆ. ಮರುದಿನ ಎದ್ದು ಮತ್ತೆ ಗಿಡಕ್ಕೆ ನೀರು. ನನ್ನ ಸಂಗಾತಿ ಮತ್ತು ನಾನು ಈ ಆಟ ಆಡುತ್ತೇವೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮ್ಮಂಥವರ ಮದುವೆಗೆ ಮಾನ್ಯತೆ ಕೊಡಲು ಆಗುವುದಿಲ್ಲ ಅಂದಿತು. ಅವತ್ತು ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಆ ಆಟ ತೆಗೆದು ಆ ಊರಿನಲ್ಲಿ ಸುಮ್ಮನೆ ಓಡಾಡಿದೆವು.

ಹೀಗೆ ಸಲೀಸಾಗಿ ಬಿಡುವ ಆಟಗಳು ಇನ್ನೂ ಕಡಿಮೆ. ಅಮೆರಿಕದ ಗ್ಲಾಡ್ ಸಂಸ್ಥೆ 2024ರಲ್ಲಿ ಒಂದು ವರದಿ ಕೊಟ್ಟಿತು. ಅಲ್ಲಿ ಆಟ ಆಡುವವರಲ್ಲಿ 17% ಜನ ತಮ್ಮನ್ನು ಎಲ್‌ಜಿಬಿಟಿಕ್ಯೂ ಅಂತ ಹೇಳಿಕೊಳ್ಳುತ್ತಾರೆ, ಅಂಥ ಪಾತ್ರವೋ ಕತೆಯೋ ಇರುವ ಆಟಗಳು 2% ಕೂಡ ಇಲ್ಲ. ಕೆಲವು ಕಂಪನಿಗಳು ಪಾತ್ರವನ್ನು ಕೊಡುತ್ತವೆ, ಆದರೆ ಆಟದ ಹೊರಗೆ ಇಡುತ್ತವೆ. ‘ಓವರ್‌ವಾಚ್’ನ ಟ್ರೇಸರ್ ಲೆಸ್ಬಿಯನ್ ಅಂತ ತಿಳಿದದ್ದು 2016ರ ಒಂದು ಕಾಮಿಕ್ಸ್‌ನಿಂದ. ಆ ಕಾಮಿಕ್ಸ್ ರಷ್ಯಾದಲ್ಲಿ ತೆರೆಯುತ್ತಲೇ ಇರಲಿಲ್ಲ. ಬೇಡ ಅನ್ನಿಸಿದ ಕಡೆ ಕಿತ್ತಿಡಬಹುದು ಅನ್ನುವ ಹಾಗೆ ಸೇರಿಸುವುದು ನನಗೆ ಸಾಕಾಗುವುದಿಲ್ಲ. 2020ರ ‘ಟೆಲ್ ಮಿ ವೈ’ಯಲ್ಲಿ ಹಾಗೆ ಮಾಡಲು ಆಗುತ್ತಿರಲಿಲ್ಲ. ಮುಖ್ಯ ಪಾತ್ರ ಟೈಲರ್ ಟ್ರಾನ್ಸ್ ಪುರುಷ, ದನಿ ಕೊಟ್ಟವರೂ ಟ್ರಾನ್ಸ್. ಟೈಲರನನ್ನು ತೆಗೆದರೆ ಆಟವೇ ಉಳಿಯುವುದಿಲ್ಲ.

ಈಗ ಸ್ವಲ್ಪ ಯಕ್ಷಗಾನದ ಕಡೆ ಹೋಗಿ ಬರುತ್ತೇನೆ, ವಿಷಯ ಬಿಟ್ಟು ಹೋಗುತ್ತಿಲ್ಲ. ಯಾವ ಆಟವಾದರೂ ಶುರುವಾಗುವ ಮೊದಲು ಒಂದು ತೆರೆ ಬರುತ್ತದೆ: ಮುಖ ಯಾವುದು, ಕೂದಲು ಹೇಗೆ, ಗಂಡೋ ಹೆಣ್ಣೋ, ಯಾವ ಬಟ್ಟೆ. ನನಗೆ ಅದು ಚೌಕಿ. ರಂಗಕ್ಕೆ ಹೋಗುವ ಮೊದಲು ಬಣ್ಣ ಹಚ್ಚಿಕೊಳ್ಳುವ ಜಾಗ. ನಮ್ಮ ಕಡೆ ಗಂಡಸರು ಸ್ತ್ರೀವೇಷ ಕಟ್ಟಿ ಬೆಳಗಾಗುವ ತನಕ ದಮಯಂತಿಯೋ ಮೋಹಿನಿಯೋ ಆಗಿದ್ದರೆ ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ. ಬೃಹನ್ನಳೆ ಬಂದರೆ ಅದು ಅರ್ಜುನನೇ ಅಂತ ಮಕ್ಕಳಿಗೂ ಗೊತ್ತು. ಸ್ತ್ರೀವೇಷ ಕಟ್ಟುವುದು ಕಲೆ, ಕಟ್ಟಿದವರು ಗೇ ಅಥವಾ ಟ್ರಾನ್ಸ್ ಅಂತ ಯಾರೂ ತಿಳಿಯಬೇಡಿ, ನಾನು ಹಾಗೆ ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ನೋಡುವವರ ಬಗ್ಗೆ. ರಾತ್ರಿ ಆ ವೇಷಕ್ಕೆ ಚಪ್ಪಾಳೆ ಹೊಡೆದವರೇ ಬೆಳಿಗ್ಗೆ ಮೆತ್ತಗೆ ನಡೆಯುವ ಹುಡುಗನಿಗೆ ‘ಎಂತದೋ, ಸ್ತ್ರೀವೇಷದ ನಡಿಗೆ’ ಅನ್ನುತ್ತಾರೆ. ನನಗೆ ಅಂದಿದ್ದಾರೆ.

ಬಿಜಿಎಂಐಯಲ್ಲೂ ಅದೇ. ಎಷ್ಟು ಹುಡುಗರು ಹೆಣ್ಣು ಪಾತ್ರ ಇಟ್ಟುಕೊಂಡು ಆಡುತ್ತೀರಿ? ಅದಕ್ಕೆ ಯುಸಿ, ಅಂದರೆ ಆಟದೊಳಗಿನ ಹಣ, ಕೊಟ್ಟು ಡ್ರೆಸ್ ಕೊಳ್ಳುತ್ತೀರಿ, ಹೇರ್‌ಸ್ಟೈಲ್ ಬದಲಿಸುತ್ತೀರಿ. ಅದರಲ್ಲಿ ಏನೂ ತಪ್ಪಿಲ್ಲ. ಆದರೆ ಅದೇ ಸ್ಕ್ವಾಡ್‌ನಲ್ಲಿ ಒಬ್ಬನ ನಿಜವಾದ ದನಿ ಸ್ವಲ್ಪ ಮೆತ್ತಗಿದ್ದರೆ ನಾವು ಸಹಿಸುವುದಿಲ್ಲ. ವೇಷ ಒಪ್ಪಿಗೆ, ಮನುಷ್ಯ ಬೇಡ.

ಕಂಪನಿಗಳೂ ಇದನ್ನು ನಿಭಾಯಿಸಲು ಬಾರದೆ ಎಡವಿವೆ. 2006ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಒಬ್ಬರು ನಮ್ಮ ಗುಂಪಿಗೆ ಎಲ್‌ಜಿಬಿಟಿ ಜನ ಧೈರ್ಯವಾಗಿ ಬರಬಹುದು ಅಂತ ಬರೆದರು. ಎಚ್ಚರಿಕೆ ಸಿಕ್ಕಿದ್ದು ಬೈದವರಿಗಲ್ಲ, ಕರೆದವರಿಗೆ. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿತು. ಎಕ್ಸ್‌ಬಾಕ್ಸ್ ಅನ್ನುವ ಆಟದ ಯಂತ್ರದಲ್ಲಿ ಬಳಕೆದಾರರ ಹೆಸರಿನಲ್ಲಿ ‘ಗೇ’ ಅನ್ನುವ ಪದವೇ ಬರುವಂತಿರಲಿಲ್ಲ, 2010ರಲ್ಲಿ ನಿಯಮ ಬದಲಾಯಿತು. ಬದಲಾದ ಮೇಲೂ ಅದೇ ವರ್ಷ ಒಬ್ಬ ಆಟಗಾರನ ಖಾತೆ ತಡೆದರು. ಅವನು ತನ್ನ ವಿವರದಲ್ಲಿ ಊರಿನ ಹೆಸರು ಹಾಕಿದ್ದ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ‘ಫೋರ್ಟ್ ಗೇ’ ಅಂತ ನಿಜವಾಗಿಯೂ ಒಂದು ಊರಿದೆ. ಆಮೇಲೆ ತಪ್ಪಾಯಿತು ಅಂದರು. ಬೈಯುವವರು ಒಂದು ಪದವನ್ನು ಹೊಲಸು ಮಾಡುತ್ತಾರೆ, ಕಂಪನಿ ಆ ಪದವನ್ನೇ ತೆಗೆಯುತ್ತದೆ, ಆ ಪದವನ್ನು ತನ್ನ ಹೆಸರಾಗಿ ಹೊತ್ತವನಿಗೆ ಮಾತು ಉಳಿಯುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಪಂದ್ಯಕ್ಕೆ ಮೊದಲು ಆಟಗಾರರು ಸೇರುವ ಲಾಬಿಯಲ್ಲಿ ಹಿಂದಿ ಜಾಸ್ತಿ. ಹಿಂದಿಯಲ್ಲಿ ‘ನಾನು ಬರ್ತೇನೆ’ ಅಂದ ಕೂಡಲೇ ಗಂಡೋ ಹೆಣ್ಣೋ ಹೇಳಲೇಬೇಕು, ಆತಾ ಅಥವಾ ಆತೀ. ಕಾರವಾರದವರಿಗೆ ಕೊಂಕಣಿಯಲ್ಲೂ ಹಾಗೇ ಬದಲಾಗುವುದು ಗೊತ್ತು. ಕನ್ನಡದಲ್ಲಿ ‘ನಾನು ಬಂದೆ’ ಅಂದರೆ ಅಷ್ಟೇ, ನಾನು ಬಂದೆ. ಬೇರೆಯವರ ಬಗ್ಗೆ ಹೇಳುವಾಗ ಬಂದ, ಬಂದಳು ಬೇಕು, ಆದರೆ ಅದಕ್ಕೂ ನಮ್ಮಲ್ಲಿ ‘ಅವರು ಬಂದರು’ ಇದೆ, ಮರ್ಯಾದೆಯ ಜೊತೆಗೆ ಬರುತ್ತದೆ. 2022ರಲ್ಲಿ ‘ಸಿಮ್ಸ್ 4’ ಆಟಗಾರರಿಗೆ ತಮಗೆ ಬೇಕಾದ ಸರ್ವನಾಮ ಆರಿಸಲು ಬಿಟ್ಟಾಗ ಇಂಗ್ಲಿಷಿನವರು ತುಂಬಾ ಜಗಳ ಆಡಿದರು. ನಾವು ಆ ಸೌಕರ್ಯವನ್ನು ದಿನಾ ಬಳಸುತ್ತೇವೆ. ನಾಳೆ ಯಾರಾದರೂ ಹುಡುಗರು ಕನ್ನಡದಲ್ಲಿ ಆಟ ಮಾಡುತ್ತೀರಾದರೆ, ಈ ವಿಷಯದಲ್ಲಿ ಕನ್ನಡ ನಿಮಗೆ ತುಂಬಾ ನೆರವಾಗುತ್ತದೆ.

ಇನ್ನು ನಾವು ಏನು ಮಾಡಬಹುದು ಅಂತ ಕೇಳಿದಿರಿ. ಮ್ಯೂಟ್ ಇದೆ, ರಿಪೋರ್ಟ್ ಇದೆ, ಬಳಸಿ. ಆದರೆ ನಾನು ನೋಡಿದ ಮಟ್ಟಿಗೆ ಎಲ್ಲಕ್ಕಿಂತ ಬೇಗ ಕೆಲಸ ಮಾಡುವುದು ಸ್ಕ್ವಾಡ್‌ನಲ್ಲಿರುವ ಇನ್ನೊಬ್ಬನ ಒಂದು ಮಾತು. ‘ಬಿಡೋ ಮಾರಾಯಾ, ಆಟ ಆಡು’ ಅಂದರೆ ಸಾಕು. ಭಾಷಣ ಬೇಡ. ಬೈಸಿಕೊಂಡವನೇ ಅದನ್ನು ಹೇಳಿದರೆ ಇನ್ನೂ ಎರಡು ಬೈಗುಳ ಬೀಳುತ್ತವೆ, ಮೂರನೆಯವನು ಹೇಳಿದರೆ ಹೆಚ್ಚಿನ ಸಲ ನಿಲ್ಲುತ್ತದೆ. ಇಲ್ಲಿ ಕೂತವರಲ್ಲಿ ಆ ಮೂರನೆಯವರೇ ಜಾಸ್ತಿ ಇದ್ದೀರಿ, ಅದಕ್ಕೇ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ.

ಆ ಹುಡುಗನ ವಿಷಯಕ್ಕೆ ವಾಪಸ್ ಬರುತ್ತೇನೆ. ಗುರುತಿಲ್ಲದವರ ಜೊತೆ ಅವನು ಈಗಲೂ ಮೈಕ್ ಆಫ್ ಇಟ್ಟೇ ಆಡುತ್ತಾನೆ. ಹೋದ ವರ್ಷ ಡಿಸ್ಕಾರ್ಡ್ ಅನ್ನುವ ಮಾತಾಡುವ ಆ್ಯಪ್‌ನಲ್ಲಿ ಒಂದು ಸಣ್ಣ ಕನ್ನಡದ ಗುಂಪು ಸಿಕ್ಕಿತು ಅವನಿಗೆ. ಅಂಕೋಲೆಯವಳೊಬ್ಬಳು, ಧಾರವಾಡದವನೊಬ್ಬ, ಇನ್ನೊಬ್ಬರು ಕುಮಟೆಯವರು. ಮೊದಲ ಎರಡು ವಾರ ಅಲ್ಲೂ ಟೈಪ್ ಮಾಡುತ್ತಿದ್ದ, ಯಾರೂ ಯಾಕೆ ಅಂತ ಕೇಳಲಿಲ್ಲ. ನಾನೂ ಭಾನುವಾರ ರಾತ್ರಿ ಕೆಲವೊಮ್ಮೆ ಅವರ ಜೊತೆ ಸೇರುತ್ತೇನೆ, ಬೇಗ ಸಾಯುತ್ತೇನೆ. ಮೊನ್ನೆ ಕೊನೆಯ ಸುತ್ತು, ನಾನು ಬಿದ್ದಿದ್ದೆ, ಅಂಕೋಲೆಯವಳೂ ಬಿದ್ದಿದ್ದಳು. ‘ಬಂಡೆ ಹಿಂದೆ ಇದ್ದಾನೆ, ತಲೆ ಎತ್ತಬೇಡಿ, ನಾ ಬಂದೆ, ನಾ ಬಂದೆ!’ ಅಂತ ಇವನು ಕಿರುಚುತ್ತಿದ್ದ. ಅಷ್ಟರಲ್ಲಿ ಅವನ ಮೈಕಿನಲ್ಲಿ ಒಳಗಿನ ಕೋಣೆಯಿಂದ ಆಯಿಯ ದನಿ ಕೇಳಿತು: “ತಮಾ, ಎಂತಕ್ಕೆ ಅಷ್ಟು ದೊಡ್ಡಕೆ ಕೂಗ್ತೆ?”